ಮುನಿಯಮ್ಮನಿಗೆ ನೀರು ನಿಲ್ಲಿಸಿದ ತಪ್ಪು

ಗರ್ಭಕೋಶ ತೆಗೆದ ಆಪರೇಷನ್ ಆಗಿ ಹತ್ತನೇ ದಿನ ನನ್ನ ಹೆಂಡತಿ ಮುನಿಯಮ್ಮನ ಸೀರೆ ಒದ್ದೆಯಾಯಿತು.

ಆಮೇಲೆ ಒಣಗಲೇ ಇಲ್ಲ.

ಕೂತರೂ ನಿಂತರೂ ಮೂತ್ರ ಹನಿಯುತ್ತಿತ್ತು. ನೆಂಟರ ಮನೆಗೆ ಹೋಗುವುದನ್ನು ಬಿಟ್ಟಳು. ಡಾಕ್ಟರಿಗೆ ಮತ್ತೆ ತೋರಿಸೋಣ ಎಂದಳು. ಅರವತ್ತು ದಾಟಿದ ನಾನು, ಇಂಥದ್ದನ್ನು ಇನ್ನೊಬ್ಬರ ಮುಂದೆ ಹೇಳುವುದೇ ಎಂದು ನಾಚಿಕೊಂಡು ಬೇಡ ಎಂದೆ. ನಾಚಿಕೆ ನನ್ನದು, ಒದ್ದೆ ಅವಳದು.

ನಾನು ಹೆಬ್ಬಾಳ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿ ತೂಬು ತೆಗೆದು ಮುಚ್ಚುವ ಕೆಲಸ. ಹೈಸ್ಕೂಲು ಓದಿದ ನೀರುಗಂಟಿ ಸುತ್ತಮುತ್ತ ನಾನೊಬ್ಬನೇ ಎಂಬ ಜಂಬ ಬೇರೆ. ಗದ್ದೆಯ ಬದು ಸೋರಿದರೆ ಮೊದಲು ಮೇಲಿನ ನೀರು ನಿಲ್ಲಿಸಬೇಕು. ಮನೆಯಲ್ಲೂ ಅದನ್ನೇ ಮಾಡಿದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಮಜ್ಜಿಗೆ ಬಂದ್.

ಎರಡು ತಿಂಗಳು ಹೀಗೆ ನಡೆಸಿದೆ. ಸೋರುವುದು ನಿಲ್ಲಲಿಲ್ಲ, ತೊಡೆ ಬೆಂದು ಹುಣ್ಣಾಯಿತು. ಕೊನೆಗೆ ಅವಳೇ ಬಸ್ ಹತ್ತಿದಳು. ನಾನು ಹಿಂದೆ ಓಡಿ ಹತ್ತಿದೆ.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?"

"ನಮ್ಮ ಯಜಮಾನ್ರು ತೂಬು ಮುಚ್ಬುಟ್ಟವ್ರೆ."

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರ್ ನನ್ನ ಕೆಲಸವೇನೆಂದು ವಿಚಾರಿಸಿದರು. ಹೇಳಿದೆ.

"ಒಣಗಿದ ಕೆರೆ ಏರಿ ಏನಾಗುತ್ತೆ, ಯಜಮಾನ್ರೇ?"

"ಬಿರುಕು ಬಿಡುತ್ತೆ."

ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಮೂತ್ರಕೋಶಕ್ಕೆ ನೀಲಿ ನೀರು ತುಂಬಿ, ಯೋನಿಯಲ್ಲಿ ಇಟ್ಟಿದ್ದ ಹತ್ತಿಯುಂಡೆಗಳನ್ನು ತೆಗೆದು ನೋಡಿದರಂತೆ. ಒಳಗಿನದು ನೀಲಿಯಾಗಿತ್ತು. ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು. ಫಿಸ್ಟುಲಾ ಎಂದರು. ಮೊದಲ ಆಪರೇಷನ್ನಿನಲ್ಲಿ ಆದ ಗಾಯ ಅದು; ಅವಳ ತಪ್ಪೂ ಅಲ್ಲ, ಕುಡಿದ ನೀರಿನ ತಪ್ಪೂ ಅಲ್ಲ. ನೀರು ಕಮ್ಮಿಯಾದಷ್ಟೂ ಮೂತ್ರ ಕಡುವಾಗಿ ತೊಡೆ ಸುಡುತ್ತದಂತೆ.

ಹುಣ್ಣು ಮಾಯುವವರೆಗೆ ಕಾದು ತೂತು ಹೊಲಿದರು. ಆಮೇಲೆ ಎರಡು ವಾರ ಮೂತ್ರ ಹೋಗಲು ಟ್ಯೂಬ್. ಅದು ಕಟ್ಟಿಕೊಂಡರೆ ಹೊಲಿಗೆ ಬಿಟ್ಟುಹೋಗಬಹುದು, ನೀರು ಚೆನ್ನಾಗಿ ಕುಡಿಸಿ ಎಂದಿದ್ದರು. ಲೋಟ ಹಿಡಿದು ಹಾಸಿಗೆಯ ಪಕ್ಕ ನಿಂತೇಬಿಟ್ಟೆ.

"ಆಗ ಕುಡಿಯಕ್ಕೆ ಬಿಡ್ಲಿಲ್ಲ, ಈಗ ಉಸಿರಾಡಕ್ಕೆ ಬಿಡ್ತಿಲ್ಲ ನೋಡಕ್ಕ," ಎಂದು ಪಕ್ಕದ ಬೆಡ್ಡಿನವಳಿಗೆ ದೂರಿದಳು.

ಟ್ಯೂಬ್ ತೆಗೆದ ದಿನ ಇಬ್ಬರೂ ಸೀರೆಯನ್ನೇ ನೋಡುತ್ತಿದ್ದೆವು. ಒಂದು ಗಂಟೆ. ಎರಡು ಗಂಟೆ.

ಅವಳು ತಟ್ಟನೆ ಎದ್ದು ಕೂತಳು. "ಏನೂಂದ್ರೆ, ಒಂದಕ್ಕೆ ಓಗ್ಬೇಕು."

ಎಷ್ಟೋ ತಿಂಗಳ ಮೇಲೆ ಅವಳಿಗೆ ಹಾಗನ್ನಿಸಿತ್ತು. ನನಗೆ ಅಳು ಬಂತು. ಎದುರಿಗೇ ನಿಂತು, "ನಂದು ತಪ್ಪಾಯ್ತು ಕಣೆ, ನಾನು..." ಎಂದು ಶುರುಮಾಡಿದೆ.

"ಅದನ್ನ ಆಮೇಲೆ ಏಳಿ. ಮೊದ್ಲು ದಾರಿ ಬಿಡಿ!"

ಬಿಟ್ಟೆ. ಮನೆಗೆ ಬಂದು ತಿಂಗಳಾಯಿತು. ಇದುವರೆಗೆ ತೊಂದರೆಯಿಲ್ಲ, ಮುಂದಿನದು ದೇವರ ದಯೆ. ಅವತ್ತು ಅರ್ಧಕ್ಕೆ ನಿಂತ ತಪ್ಪಿನ ಮಾತನ್ನು ಮುಗಿಸಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ. ಅದಕ್ಕೇ ಇದನ್ನೆಲ್ಲ ಬರೆದಿದ್ದೇನೆ. ಇವತ್ತು ಅವಳನ್ನು ಕೂರಿಸಿ ಓದಿ ಹೇಳಬೇಕು.