ಕಾಗೆಕಾಲು ಗುಬ್ಬಿಕಾಲಿನ ಪತ್ರ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ನಾನು ಬರೆದುಕೊಟ್ಟ ಸಾಮಾನಿನ ಚೀಟಿ ನೋಡಿ ಸಿಂಧನೂರಿನ ನಮ್ಮ ಕಿರಾಣಿ ಅಂಗಡಿಯವರು, "ಬಾಯಿಲೇ ಹೇಳ್ರಿ ಸರ್, ನಿಮ್ಗ ಪುಣ್ಯ ಬರ್ತದ" ಎಂದು ಕೈಮುಗಿಯುತ್ತಾರೆ. ಹಾಗಾಗಿ ಮೊಬೈಲು ಬಂದಾಗ ನನ್ನಷ್ಟು ಹಿಗ್ಗಿದವರು ಈ ಸೀಮೆಯಲ್ಲೇ ಇರಲಿಕ್ಕಿಲ್ಲ. ಅದರಲ್ಲಿ ಎಲ್ಲರ ಅಕ್ಷರವೂ ದುಂಡಗೆ.

ಆ ಹಿಗ್ಗೇ ಮುಳುವಾಯಿತು. ಲಿಂಗಸುಗೂರಿನಲ್ಲಿರುವ ನನ್ನ ಅಕ್ಕ ತನ್ನ ಮೊಣಕಾಲು ನೋವಿನ ಬಗ್ಗೆ, ನಿದ್ದೆ ಬಾರದ ಬಗ್ಗೆ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದು ಕಳಿಸಿದಳು. ಅವಸರದಲ್ಲಿದ್ದ ನಾನು ಓದದೆಯೇ ಹೆಬ್ಬೆರಳಿನ ಚಿತ್ರ ಒತ್ತಿಬಿಟ್ಟೆ. ನೋವಿಗೆ ಶಭಾಷ್ ಎಂದಂತಾಯಿತು! ಅಂದಿನಿಂದ ಅಕ್ಕ ಮಾತು ಬಿಟ್ಟಳು, ಫೋನು ಮಾಡಿದರೆ ಎತ್ತಲಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಬೈಯುವ ಹಕ್ಕು ಉಳಿದದ್ದು ಅವಳೊಬ್ಬಳಿಗೇ. ಬೈಗುಳವಿಲ್ಲದ ಯುಗಾದಿ ಕಳೆದಾಗ ನನಗೆ ನಿಜಕ್ಕೂ ಅಳು ಬಂತು.

"ಫೋನಿನ್ಯಾಗ ಕೆಟ್ಟಿದ್ದು ಫೋನಿನ್ಯಾಗ ರಿಪೇರಿ ಆಗಂಗಿಲ್ರೀ. ಕೈಲೇ ಒಂದು ಪತ್ರ ಬರೀರಿ" ಎಂದಳು ಹೆಂಡತಿ.

ಕುಳಿತೆ. 'ಉಭಯ ಕುಶಲೋಪರಿ' ಎಂದು ಶುರುಮಾಡಿ, ಕುಶಲವಿದ್ದರೆ ಈ ಪತ್ರವೇಕೆ ಎನ್ನಿಸಿ ಹೊಡೆದುಹಾಕಿದೆ. ಫೋನಿನಲ್ಲಿ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ. ಕಾಗದದಲ್ಲಿ ಹೊಡೆದುಹಾಕಿದ್ದು ಬರೆದವನ ತಡವರಿಕೆಯ ಸಮೇತ ಅಲ್ಲೇ ಕುಳಿತಿರುತ್ತದೆ. ಕೈಬರಹದ ಕಲೆ ಇರುವುದು ಅಕ್ಷರ ದುಂಡಗಿರುವುದರಲ್ಲಿ ಎಂದು ನನ್ನ ಕಿವಿ ಹಿಂಡಿದ ಮೇಷ್ಟ್ರು ಇದನ್ನು ಹೇಳಿಕೊಡಲೇ ಇಲ್ಲ. ಮಸ್ಕಿಯ ಗುಡ್ಡದಲ್ಲಿ ಹಿಂದೊಬ್ಬ ಅರಸ ಪ್ರಜೆಗಳಿಗೆ ಹೇಳಬೇಕಾದದ್ದನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನಲ್ಲ, ಅಲ್ಲಿಯೂ ಸಾಲುಗಳು ಅಷ್ಟೇನೂ ನೆಟ್ಟಗಿಲ್ಲ. ಆದರೂ ಜನ ಇವತ್ತಿಗೂ ಹೋಗಿ ನೋಡುತ್ತಾರೆ. ಆ ಧೈರ್ಯದ ಮೇಲೆ ಪುಟ ತುಂಬಿಸಿ ಅಂಚೆಗೆ ಹಾಕಿದೆ.

ವಾರದೊಳಗೆ ಅಕ್ಕನ ಫೋನು ಬಂತು. "ಏನು ಬರದೀಯಲೇ, ಒಂದಕ್ಷರ ತಿಳಿವಲ್ದು. ನೀನೇ ಬಂದು ಓದಿ ಹೇಳು."

ಸಿಕ್ಕ ಬಸ್ಸು ಹತ್ತಿ ಹೋದೆ. ಅಕ್ಕ ಗೋಡೆಗೊರಗಿ, ಕಾಲು ಚಾಚಿ ಕುಳಿತು ಪತ್ರವನ್ನು ನನ್ನ ಕೈಗಿಟ್ಟಳು. ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಅರ್ಧ ಪುಟವಾದ ಮೇಲೆ, 'ಅಕ್ಕಾ, ಉಂಡ್ಯೇನು ಅಂತ ನೀನು ಕೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ' ಎಂಬ ಸಾಲು ಬಂತು. ಬರೆಯುವಾಗ ಸಲೀಸಾಗಿ ಬಂದದ್ದನ್ನು ಎದುರಿಗೆ ಕುಳಿತು ಓದಲು ನಾಚಿಕೆಯಾಯಿತು. ಮೆಲ್ಲಗೆ ಹಾರಿಸಿ ಮುಂದಿನ ಸಾಲಿಗೆ ಹೋದೆ.

"ನಡುವ ಒಂದು ಸಾಲು ಬಿಟ್ಟಿ ನೋಡು" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಅದನ್ನ ಓದಲೇ ತಮ್ಮಾ."