ಅಂತರಸಂತೆಯ ಅಳತೆ ಪೆಟ್ಟಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳಿ ಹೇಳಿ ಸುಸ್ತಾಗಿದ್ದಾರೆ. ಯಂತ್ರಗಳ ಮುಂದೆ ಮಾತ್ರ ನನ್ನಷ್ಟು ತಾಳ್ಮೆಯವಳು ಇಲ್ಲವೆಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಒಂದು ಶುಕ್ರವಾರ ಮಧ್ಯಾಹ್ನ ಮಣ್ಣುಪಾಲಾಯಿತು.

ಹುಣಸೂರಿನಲ್ಲಿ ನನ್ನದೊಂದು ಚಿಕ್ಕ ಕಚೇರಿ ಇದೆ. ಅಂಗಡಿ, ಗೋದಾಮುಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಹಾಕಿಕೊಡುವುದು, ಕೆಟ್ಟರೆ ಸರಿಮಾಡುವುದು ನನ್ನ ಕಸುಬು. ಊರಿನವರೆಲ್ಲ ಹಾಜಿ ಸಾಹೇಬರು ಎನ್ನುವ ಪೈಪು, ಪಂಪ್‌ಸೆಟ್ ವ್ಯಾಪಾರಿಯೊಬ್ಬರು ಒಂದು ದಿನ ನನ್ನನ್ನು ಕರೆಸಿದರು. ಹುಣಸೂರಿನ ದೊಡ್ಡ ಅಂಗಡಿಯಲ್ಲದೆ ಪಿರಿಯಾಪಟ್ಟಣ, ಹಂಪಾಪುರ, ಅಂತರಸಂತೆಯಲ್ಲೂ ಅವರ ಅಂಗಡಿಗಳಿದ್ದವು. ಹಳೆಯ ಲ್ಯಾಂಡ್‌ಲೈನ್‌ಗಳನ್ನೆಲ್ಲ ತೆಗೆಸಿ, ಇಂಟರ್ನೆಟ್ ಫೋನು ಹಾಕಿಸಬೇಕೆಂಬುದು ಅವರ ಆಸೆ. ಈಗಿರುವ ನೆಟ್‌ವರ್ಕು ಮಾತಿನ ಭಾರವನ್ನೂ ಹೊರುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ನಾನು ವರದಿ ಕೊಡಬೇಕಿತ್ತು.

"ಯಾವ ಅಂಗಡೀಲಿ ಇದು ನಡೆಯಲ್ವೋ ಆ ಅಂಗಡಿ ಮುಚ್ಬುಡ್ತೀನಿ ಕಣಮ್ಮ," ಎಂದರು. "ಅಂತರಸಂತೇದು ಮೊದ್ಲೇ ಕುಂಟ್ತಾ ಅದೆ. ನೀನು ಆಗಲ್ಲ ಅಂದ್ರೆ ಸಾಮಾನೆಲ್ಲ ಹಂಪಾಪುರಕ್ಕೆ ಸಾಗಿಸ್ತೀನಿ."

ಅಂತರಸಂತೆಯ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದವಳು ಕಾಡಂಚಿನ ಗಿರಿಜನರ ಹಾಡಿಯ ಹೆಣ್ಣುಮಗಳು. ಪಿಯುಸಿ ಓದಿದ್ದಳು, ಇಪ್ಪತ್ತೈದರ ಆಸುಪಾಸು. ಹಾಡಿಯಲ್ಲಿ ತಿಂಗಳ ಸಂಬಳ ತರುವವಳು ಅವಳೊಬ್ಬಳೇ. ಈ ಕೆಲಸ ಇಲ್ಲದಿದ್ದರೆ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ ಎಂದು ಮೊದಲ ದಿನವೇ ಟೀ ಕೊಡುತ್ತಾ ಹೇಳಿದ್ದಳು. ಸಾಹೇಬರ ಷರತ್ತು ಅವಳಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಪ್ರತಿ ಅಂಗಡಿಯಲ್ಲೂ ಅಂಗೈ ಅಗಲದ ಒಂದು ಅಳತೆ ಪೆಟ್ಟಿಗೆಯನ್ನು ಇಟ್ಟುಬಂದೆ. ಅದು ನಿಮಿಷಕ್ಕೊಮ್ಮೆ ಹುಣಸೂರಿಗೆ ತಾನೇ ಒಂದು ಹುಸಿ ಕರೆ ಮಾಡುತ್ತದೆ. ಇಂಟರ್ನೆಟ್ಟಿನಲ್ಲಿ ಮಾತು ಚೂರುಚೂರಾಗಿ ಹೋಗುತ್ತದೆ. ಎಷ್ಟು ಚೂರು ದಾರಿಯಲ್ಲಿ ಕಳೆದವು, ಎಷ್ಟು ತಡವಾಗಿ ತಲುಪಿದವು ಎಂದು ಪೆಟ್ಟಿಗೆ ಗುರುತಿಟ್ಟುಕೊಳ್ಳುತ್ತದೆ. ಇ-ಮೇಲ್ ಅರೆಕ್ಷಣ ತಡವಾದರೆ ಯಾರಿಗೂ ತಿಳಿಯುವುದಿಲ್ಲ, ಮಾತು ತಡವಾದರೆ ಆ ಕಡೆಯವರು ತೊದಲಿದಂತೆ ಕೇಳುತ್ತದೆ. ಅಂತರಸಂತೆಯಲ್ಲಿ ಪೆಟ್ಟಿಗೆಯನ್ನು ಅವಳಿಗೆ ತೋರಿಸಿ, ಇದು ನನ್ನ ಸ್ವಂತದ್ದು, ಬಲು ದುಬಾರಿ, ಜೋಪಾನ ಎಂದು ಎರಡೆರಡು ಸಲ ಹೇಳಿದೆ.

ಎರಡು ವಾರ ಹುಣಸೂರಿನಲ್ಲೇ ಕೂತು ಅಳೆದೆ. ಹಂಪಾಪುರ ಚೆನ್ನಾಗಿತ್ತು. ಪಿರಿಯಾಪಟ್ಟಣದಲ್ಲಿ ಒಂದು ಹಳೆಯ ನೆಟ್‌ವರ್ಕ್ ಸ್ವಿಚ್ ಬದಲಿಸಿದ ಮೇಲೆ ಅದೂ ಸರಿಹೋಯಿತು. ಅಂತರಸಂತೆಯದ್ದೇ ತಲೆನೋವು. ಬೆಳಗ್ಗೆಯೆಲ್ಲ ನೆಟ್ಟಗಿರುತ್ತಿದ್ದ ಲೈನು ಮಧ್ಯಾಹ್ನದ ಮೇಲೆ ಸತ್ತೇ ಹೋಗುತ್ತಿತ್ತು, ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಸಂಜೆಯವರೆಗೆ. ಲೈನು ಕೊಟ್ಟವರನ್ನು ಕೇಳಿದರೆ ನಮ್ಮ ಕಡೆ ಏನೂ ತೊಂದರೆಯಿಲ್ಲ ಎಂದರು. ಸುಳ್ಳು ಹೇಳುತ್ತಿದ್ದಾರೆಂದು ನನಗೆ ಪಿತ್ತ ನೆತ್ತಿಗೇರಿತು. ಲೈನು ಹೋದದ್ದನ್ನೆಲ್ಲ ಗುರುತಿಡುವ ಅಂಗಡಿಯ ರೂಟರಿನ ದಾಖಲೆಯನ್ನು ಒಮ್ಮೆ ತೆಗೆದು ನೋಡಬೇಕಿತ್ತು, ನೋಡಲಿಲ್ಲ. ಗುರುವಾರ ವರದಿಯಲ್ಲಿ 'ಅಂತರಸಂತೆ: ಯೋಗ್ಯವಲ್ಲ' ಎಂದು ಬರೆದು ಕಳಿಸಿಬಿಟ್ಟೆ. ಅವಳ ಮುಖ ಕಣ್ಣಮುಂದೆ ಬಂತು. ಅಳತೆ ಹೇಳಿದ್ದನ್ನು ತಾನೇ ನಾನು ಬರೆದದ್ದು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಪೆಟ್ಟಿಗೆ ವಾಪಸು ತರಲು ಹೋದೆ. ಮುಂಗಾರಿಗೆ ಮುಂಚಿನ ದಿನಗಳು, ಮೋಡ ಬೇಗನೆ ಕಟ್ಟಿತ್ತು. ಅವಳು ಗಿರಾಕಿಯೊಬ್ಬರಿಗೆ ಪೈಪು ಅಳೆದು ಕೊಡುತ್ತಿದ್ದಳು. ಕಾಡಿನ ಕಡೆ ಗುಡುಗಿತು. ಪೈಪನ್ನು ಅಲ್ಲೇ ಬಿಟ್ಟು ಓಡಿಬಂದವಳು ನನ್ನ ಪೆಟ್ಟಿಗೆಯ ಪ್ಲಗ್ ಕಿತ್ತಳು, ವೈರು ಸುತ್ತಿದಳು, ಟವೆಲಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಪಕ್ಕದಲ್ಲಿ ರೂಟರು ಹಸಿರು ದೀಪ ಮಿನುಗಿಸುತ್ತಾ ತನ್ನ ಪಾಡಿಗೆ ನಡೆಯುತ್ತಿತ್ತು.

ಏನು ಮಾಡುತ್ತಿದ್ದೀಯ ಎಂದು ಕೇಳಿದೆ.

"ಗುಡುಗು ಬಂದ್ರೆ ಮನೇಲಿ ಟೀವಿ ತೆಗ್ದಿಡಲ್ವಾ ಅಕ್ಕ, ಅಂಗೇ," ಎಂದಳು. "ಅಂಗಡಿ ಸಾಮಾನು ಆದ್ರೆ ಸಾಹೇಬ್ರು ನೋಡ್ಕತಾರೆ. ನಿಮ್ದು ಸುಟ್ಟೋದ್ರೆ ನಾನೆಲ್ಲಿಂದ ತರ್ಲಿ?"

ಲ್ಯಾಪ್‌ಟಾಪ್ ತೆಗೆದು ರೂಟರಿನ ದಾಖಲೆ ನೋಡಿದೆ. ಎರಡು ವಾರದಲ್ಲಿ ಒಂದು ಮಧ್ಯಾಹ್ನವೂ ಲೈನು ಹೋಗಿರಲಿಲ್ಲ. ಗುಡುಗಿದಾಗಲೆಲ್ಲ ಆರಿಹೋಗಿದ್ದದ್ದು ನನ್ನ ಪೆಟ್ಟಿಗೆ ಮಾತ್ರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಹುಣಸೂರಿನಲ್ಲಿ ಕೂತು, ಕಾಣದ್ದನ್ನೇ ಪ್ರಮಾಣ ಮಾಡಿ ಬರೆದಿದ್ದೆ.

ಗಂಟೆ ಒಂದೂವರೆ. ಶುಕ್ರವಾರದ ನಮಾಜು ಮುಗಿಸಿ ಬಂದು, ತಮ್ಮಂದಿರಿಬ್ಬರನ್ನು ಕೂರಿಸಿಕೊಂಡು ವ್ಯಾಪಾರದ ತೀರ್ಮಾನ ಹೇಳುವುದು ಸಾಹೇಬರ ಪದ್ಧತಿ. ತಮ್ಮಂದಿರ ಮುಂದೆ ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಅವರ ಮೊಬೈಲು ಆಫ್ ಆಗಿತ್ತು. ಅವಳ ಮೇಜಿನ ಮೇಲಿದ್ದ ಹಳೆಯ ಫೋನಿನಿಂದ ಹುಣಸೂರಿನ ಅಂಗಡಿಯ ಲ್ಯಾಂಡ್‌ಲೈನಿಗೆ ಮಾಡಿದೆ. ಬಾಗಿಲು ಹಾಕಿದ ಅಂಗಡಿಯಲ್ಲಿ ಅದು ಬಡಿದುಕೊಳ್ಳುತ್ತಲೇ ಇತ್ತು.

ಅಷ್ಟು ಹೊತ್ತಿಗೆ ಅವಳಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಷರತ್ತು, ವರದಿ, ನನ್ನ ತಪ್ಪು. ಅವಳು ಬೈಯಲಿಲ್ಲ, ಅಳಲಿಲ್ಲ. ಗಿರಾಕಿಯ ಪೈಪನ್ನು ಕತ್ತರಿಸಿ ಕೊಟ್ಟು ಕಳಿಸಿದಳು, ಬಂದು ನನ್ನ ಎದುರು ಸ್ಟೂಲಿನ ಮೇಲೆ ಕೂತಳು. ನಾನು ಮತ್ತೆ ಮತ್ತೆ ಡಯಲ್ ಮಾಡಿದೆ. ಮಿಂಚು ಹತ್ತಿರ ಹತ್ತಿರ ಬರುತ್ತಿತ್ತು.

ಎರಡು ಗಂಟೆ ದಾಟಿದ ಮೇಲೆ ಸಾಹೇಬರೇ ಎತ್ತಿಕೊಂಡರು. ತಮ್ಮಂದಿರಿಗೆ ಆಗಲೇ ಹೇಳಿಯಾಗಿತ್ತಂತೆ. ಸಾಮಾನು ತುಂಬಲು ಗಾಡಿ ಹೊರಡುವುದರಲ್ಲಿತ್ತು.

"ವರದಿ ತಪ್ಪು ಸಾಹೇಬ್ರೇ. ಲೈನು ಚೆನ್ನಾಗಿದೆ. ನಾನೇ ನೋಡದೆ ಬರೆದೆ," ಎಂದೆ.

ಎದುರಿಗೆ ಕೂತವಳು ಸ್ಟೂಲನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

"ತಮ್ಮಂದ್ರ ಮುಂದೆ ನನ್ ಮಾತು ತಿರುಗಿಸ್ತಾ ಇದ್ದೀಯ," ಎಂದರು ಸಾಹೇಬರು. "ಆಯ್ತು, ಗಾಡಿ ನಿಲ್ಲಿಸ್ತೀನಿ. ಇನ್ನೊಂದು ವಾರ ಅಳೆ. ಈ ಸಲ ಅಲ್ಲೇ ಕೂತ್ಕೊಂಡು ಅಳೆ."

ರಿಸೀವರ್ ಇಟ್ಟು ಅವಳ ಕಡೆ ತಿರುಗಿದೆ. ಕ್ಷಮಿಸು ಅಂದೆ. ಆ ಮಾತು ನನಗೇ ಸಾಲದೆನಿಸಿತು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಫೋನನ್ನು ಗೋಡೆಯ ಕಡೆಗೆ ಸರಿಸಿಟ್ಟಳು.

"ಈ ಫೋನು ಇಲ್ಲೇ ಇತ್ತಲ್ಲಕ್ಕ," ಎಂದಳು. "ದಿನಾ ಯಾಕೆ ನಿಂತೋಯ್ತದೆ ಅಂತ ಒಂದ್ಸಲ ನನ್ನ ಕೇಳಿದ್ರೆ ಏಳ್ತಿದ್ದೆ."