ಸಣ್ಣ ಪಿನ್ನಾ, ದಪ್ಪ ಪಿನ್ನಾ

ಅವರ ಎಡಭುಜ ಬಲಭುಜಕ್ಕಿಂತ ಸಾಕಷ್ಟು ಕೆಳಗಿತ್ತು. ದೂರದಿಂದ ನೋಡಿದವರಿಗೆ ಯಾವುದೋ ಗೋಡೆಗೆ ಒರಗಿ ನಿಂತಂತೆ ಕಾಣುತ್ತಿದ್ದರು, ಗೋಡೆ ಮಾತ್ರ ಇರುತ್ತಿರಲಿಲ್ಲ. ಬಲಕ್ಕೆ ಟಿಕೆಟಿನ ಚರ್ಮದ ಚೀಲ. ಎಡಕ್ಕೆ ರೆಕ್ಸಿನ್ನಿನ ಇನ್ನೊಂದು ಚೀಲ, ಅದರೊಳಗೆ ಇಟ್ಟಿಗೆಯಂಥ ಒಂದು ಬ್ಯಾಟರಿ. ಚೀಲದ ಬಾಯಿಂದ ಕರಿ ವೈರುಗಳು ಇಳಿಬಿದ್ದಿರುತ್ತಿದ್ದವು, ಒಂದೊಂದರ ತುದಿಗೂ ಫೋನು ಚಾರ್ಜು ಮಾಡುವ ಒಂದೊಂದು ನಮೂನೆಯ ಪಿನ್ನು. ಅದಿರಿನ ಕೆಂಪು ಧೂಳು ಕೂತು ಕಿವಿಯ ಮೇಲಿನ ಕೂದಲು ಮದರಂಗಿ ಹಚ್ಚಿದಂತಿತ್ತು. ಈ ಅವತಾರದಲ್ಲಿ ಬಸ್ಸಿನ ನಡುದಾರಿಯಲ್ಲಿ ಓರೆಯಾಗಿ ಬಂದು ಅವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. ಮೊದಲನೆಯದು, "ಎಲ್ಲಿಗೆ?" ಎರಡನೆಯದು, "ಸಣ್ಣ ಪಿನ್ನಾ, ದಪ್ಪ ಪಿನ್ನಾ?"

ಹೊಸಪೇಟೆಗೂ ಸಂಡೂರಿಗೂ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು ಅವರು. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಾನು ಸಂಡೂರಿನಿಂದ ಹೊಸಪೇಟೆಯ ಕಾಲೇಜಿಗೆ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಲೇಜಿಗೆ ಎನ್ನುವುದಕ್ಕಿಂತ ಕಾಲೇಜಿನ ದಿಕ್ಕಿಗೆ ಎನ್ನುವುದು ಸರಿ, ಯಾಕೆಂದರೆ ಆಗ ಆ ರಸ್ತೆ ಅದಿರು ಲಾರಿಗಳದಾಗಿತ್ತು. ಒಂದು ಲಾರಿ ಕೆಟ್ಟು ನಿಂತರೆ ಸಾಕು, ಹಿಂದೆ ಬೆಟ್ಟದ ತುದಿಯವರೆಗೂ ಸಾಲು. ತಾಸುಗಟ್ಟಲೆ ನಿಂತ ಬಸ್ಸಿನಲ್ಲಿ ಮೊದಲು ನೀರಿನ ಬಾಟಲಿ ಖಾಲಿಯಾಗುತ್ತಿತ್ತು, ಆಮೇಲೆ ಮಾತು, ಕೊನೆಗೆ ಫೋನು.

ಈ ಚೀಲ ಹುಟ್ಟಿದ್ದು ಅದಕ್ಕೇ. ಬಸ್ಸಿನ ಬ್ಯಾಟರಿಗೆ ಯಾರೂ ಕೈಹಚ್ಚಕೂಡದೆಂದು ಓನರಿನ ಕಟ್ಟಪ್ಪಣೆಯಿತ್ತು. ಯಾವುದೋ ಎಮರ್ಜೆನ್ಸಿ ದೀಪದ ಬ್ಯಾಟರಿಯನ್ನು ಹೊಸಪೇಟೆಯ ರಿಪೇರಿಯವನೊಬ್ಬನಿಂದ ಹೀಗೆ ಮಾಡಿಸಿಕೊಂಡಿದ್ದರು. ರಾತ್ರಿ ಮನೆಯಲ್ಲಿ ಅದಕ್ಕೆ ಕರೆಂಟು ಕುಡಿಸಿ, ಬೆಳಿಗ್ಗೆ ಹೆಗಲಿಗೇರಿಸುತ್ತಿದ್ದರು. ಟಿಕೆಟು ತೆಗೆದವರಿಗೆಲ್ಲ ಚಾರ್ಜು ಪುಕ್ಕಟೆ. ಫೋನು ಇಸಿದುಕೊಂಡು, ಆಯಾ ಊರಿನ ಟಿಕೆಟನ್ನೇ ಹರಿದು ರಬ್ಬರ್ ಬ್ಯಾಂಡಿನಲ್ಲಿ ಅದರ ಬೆನ್ನಿಗೆ ಕಟ್ಟುತ್ತಿದ್ದರು. ಆಗ ಮುಕ್ಕಾಲು ಮಂದಿಯ ಕೈಯಲ್ಲಿ ಅದೇ ಟಾರ್ಚಿನ ಫೋನು. ಟಿಕೆಟು ಕಟ್ಟದಿದ್ದರೆ ಒಬ್ಬರ ಹೆಂಡತಿಯ ಬೈಗುಳ ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು.

"ಕಾಕಾ, ಈ ಪುಣ್ಯದ ಕೆಲಸ ಯಾಕ?" ಎಂದು ಒಮ್ಮೆ ಕೇಳಿದ್ದೆ.

"ಪುಣ್ಯ ಎಲ್ಲಿಂದ ತಂದ್ಯೋ. ಜಾಮ್ ಆದಾಗೆಲ್ಲಾ ಮಂದಿ ನನ್ನ ಬೈತಿದ್ರು. ಕೈಯಾಗ ಫೋನ್ ಜೀವಂತ ಇದ್ರ ಮನಿಯವ್ರನ್ನ ಬೈತಾರ. ನನಗ ಆರಾಮ."

ನನಗೆ ಅವರು ಇಟ್ಟ ಹೆಸರು ಗಿಳಿ. ಡ್ರೈವರಿನ ಕೆಮ್ಮು, ಪ್ರಿನ್ಸಿಪಾಲರ ಮೂಗಿನ ಇಂಗ್ಲಿಷು, ನಮ್ಮಪ್ಪ ಸಾಲ ಕೇಳಿದವರಿಗೆ ಇಲ್ಲವೆನ್ನುವ ರಾಗ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನ ಸ್ವಂತ ದನಿ ಹೇಗಿತ್ತೆಂದು ಕೇಳಬೇಡಿ, ಮನೆ ಮಾಲೀಕನಿಗೇ ಜಾಗವಿರಲಿಲ್ಲ. ಕಾಕಾರ ದನಿಯನ್ನಂತೂ ಅವರ ಬೆನ್ನ ಹಿಂದೆಯೇ ನಿಂತು ತೆಗೆಯುತ್ತಿದ್ದೆ. ಎಡಕ್ಕೆ ವಾಲಿ, "ಸಣ್ಣ ಪಿನ್ನಾ, ದಪ್ಪ ಪಿನ್ನಾ" ಎಂದರೆ ಹಿಂದಿನ ಸೀಟಿನವರು ನಿದ್ದೆಯಲ್ಲೇ ಫೋನು ಮುಂದೆ ಚಾಚುತ್ತಿದ್ದರು. ಕಾಕಾ ತಿರುಗಿ ನೋಡಿ, "ಲೇ ಗಿಳಿ, ದನಿ ಕದ್ದಿ. ಈ ಚೀಲನೂ ಕದಿಯಪ, ಭುಜ ನೊಯ್ತದ" ಎನ್ನುತ್ತಿದ್ದರು.

ನಮ್ಮಪ್ಪನಿಗೆ ಇದೆಲ್ಲ ಮಂಗ್ಯಾನ ಚೇಷ್ಟೆ. ಗಣಿಯ ತೂಕದ ಕಟ್ಟೆಯಲ್ಲಿ ನನಗೊಂದು ಕೆಲಸ ಗೊತ್ತುಮಾಡಿಟ್ಟಿದ್ದರು. ಲಾರಿ ಕಟ್ಟೆ ಹತ್ತುತ್ತದೆ, ತೂಕ ನೋಡಬೇಕು, ಲಾರಿ ಇಳಿಯುತ್ತದೆ. ಅಷ್ಟರಲ್ಲಿ ಹಂಪಿ ಬಜಾರಿನಲ್ಲಿ ಭಾನುವಾರದ ಸಂಜೆ ಒಂದು ಮನರಂಜನೆಯ ಕಾರ್ಯಕ್ರಮವಿದೆಯೆಂದು ತಿಳಿಯಿತು. ನಡೆಸುವ ಸಂಘದ ಕಾರ್ಯದರ್ಶಿಗೆ ದುಂಬಾಲು ಬಿದ್ದೆ. ಅವರು, "ಶುಕ್ರವಾರ ಮಧ್ಯಾಹ್ನ ಎರಡರೊಳಗ ಫೋನ್ ಮಾಡ್ತೀನಿ. ಒಂದೆರಡು ದನಿ ತೆಗೆದು ತೋರ್ಸು. ನಕ್ಕರ ಹಾಕ್ತೀನಿ. ನೀನು ಎತ್ತಲಿಲ್ಲ ಅಂದ್ರ ಕಂಪ್ಲಿಯ ಜಾದೂದವಗ ಕೊಡ್ತೀನಿ" ಎಂದರು. ಅಪ್ಪನೂ ಒಂದು ಗೆರೆ ಎಳೆದರು: ಈ ಅವಕಾಶ ಸಿಕ್ಕರೆ ಸರಿ, ಸಿಗದಿದ್ದರೆ ಸೋಮವಾರ ತೂಕದ ಕಟ್ಟೆ.

ಗುರುವಾರ ರಾತ್ರಿ ಸಂಡೂರಿನಲ್ಲಿ ಕರೆಂಟು ಹೋಯಿತು. ಶುಕ್ರವಾರ ಬಸ್ಸು ತಡವಾಗಿ ಬಂತು, ಮಧ್ಯಾಹ್ನ ಹತ್ತಿದಾಗ ನನ್ನ ಫೋನು ಕೊನೆಯುಸಿರು ಎಳೆಯುತ್ತಿತ್ತು. ಕಾಕಾರಿಗೆ ಒಪ್ಪಿಸಿ ವಿಷಯ ಹೇಳಿದೆ. "ರಾತ್ರಿ ನಮ್ಮನ್ಯಾಗೂ ಕರೆಂಟ್ ಕಣ್ಣುಮುಚ್ಚಾಲೆ ಆಡೇತಿ. ಚೀಲ ಅರ್ಧ ಹೊಟ್ಟಿ ಐತಿ. ಇರ್ಲಿ, ನಿನಗ ಮೊದಲು" ಎಂದು ಪಿನ್ನು ಚುಚ್ಚಿದರು.

ಘಾಟಿನ ಇಳಿಜಾರಿನಲ್ಲಿ ಬಸ್ಸು ನಿಂತಿತು. ಮುಂದಿನಿಂದ ಸುದ್ದಿ ಲಾರಿಯಿಂದ ಲಾರಿಗೆ ದಾಟಿ ಬಂತು, ತಿರುವಿನಲ್ಲಿ ಅದಿರು ಲಾರಿ ಪಲ್ಟಿಯಾಗಿದೆ, ಡ್ರೈವರು ಒಳಗೇ ಇದ್ದಾನೆ ಎಂದು. ಅದನ್ನು ಕೇಳಿ ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಕಂಕುಳಲ್ಲಿ ಕೂಸು. ಅವಳ ಗಂಡ ಅದೇ ಬೆಳಿಗ್ಗೆ ಲೋಡು ತುಂಬಿಕೊಂಡು ಇದೇ ದಾರಿಗೆ ಹೊರಟವನು. ಅವಳ ಫೋನು ಸತ್ತಿತ್ತು, ಗಂಡನ ನಂಬರು ಬಾಯಿಗೆ ಬರುತ್ತಿರಲಿಲ್ಲ, ಅದು ಫೋನಿನ ಹೊಟ್ಟೆಯಲ್ಲಿತ್ತು.

ಚೀಲದ ಮೇಲಿನ ಪುಟ್ಟ ದೀಪ ಆಗಲೇ ಕೆಂಪಾಗಿತ್ತು. ಇನ್ನು ಒಂದೇ ಫೋನಿಗೆ ಸಾಲುವಷ್ಟು ಚಾರ್ಜು. ಕಾಕಾ ನನ್ನ ಫೋನಿನಿಂದ ಪಿನ್ನು ಕಿತ್ತರು, ಅದು ಅಲ್ಲೇ ಆರಿಹೋಯಿತು.

"ಕಾಕಾ, ನನ್ನ ಜೀವನದ ಪ್ರಶ್ನೆ ಅದು."

"ನಿಂದು ಜೀವನದ್ದು. ಆಕೀದು ಜೀವದ್ದು. ಕುಂದ್ರು." ಆಮೇಲೆ ಆಕೆಯ ಕಡೆ ತಿರುಗಿ ದನಿ ತಗ್ಗಿಸಿದರು. "ಹೆದರಬ್ಯಾಡ ತಂಗಿ. ಸಣ್ಣ ಪಿನ್ನಾ, ದಪ್ಪ ಪಿನ್ನಾ?"

ನನ್ನ ಸಿಮ್ಮನ್ನಾದರೂ ಡ್ರೈವರಿನ ಫೋನಿಗೆ ಹಾಕೋಣವೆಂದು ಓಡಿದೆ. "ನನ್ನ ಸಿಮ್ ತೆಗದು ಆ ಹೊತ್ತಿನ್ಯಾಗ ಓನರ್ ಫೋನ್ ಬಂದ್ರ, ನನ್ನ ತೆಗೀತಾನ" ಎಂದು ಡ್ರೈವರು ಕೆಮ್ಮಿದರು. ನಾನು ನಕಲು ಮಾಡುವ ಅದೇ ಕೆಮ್ಮು. ಆವತ್ತು ನಗು ಬರಲಿಲ್ಲ.

ಅವಳ ಫೋನು ಕಣ್ಣು ಬಿಡುವವರೆಗೆ ಇಡೀ ಬಸ್ಸು ಅದರ ಮೇಲೆ ಬಗ್ಗಿತ್ತು. ರಿಂಗು ಹೋಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ಆಮೇಲೆ ಕಿಟಕಿಯಿಂದ ಹಿಂದಕ್ಕೆ ನೋಡಿದಳು. ಬಸ್ಸಿನ ಬೆನ್ನಿಗೇ ನಿಂತಿದ್ದ ಲಾರಿಯಲ್ಲಿ ಅವಳ ಗಂಡ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಿರ್ಚಿ ಹಿಡಿದು ಕೂತಿದ್ದ.

"ಹಿಂದ ಇದ್ರ ಒಂದು ಹಾರ್ನ್ ಹಾಕಾಕ ಏನಾಗಿತ್ರಿ ನಿಮಗ?" ಎಂದು ಅವಳು ಅಲ್ಲಿಂದಲೇ ಶುರುಮಾಡಿದಳು. ಕಾಕಾ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಫೋನು ಜೀವಂತವಾಗಿತ್ತು, ಬೈಗುಳ ಮನೆಯವರಿಗೆ ಹೋಗುತ್ತಿತ್ತು. ಮುಂದೆ ಬಿದ್ದ ಲಾರಿಯವನನ್ನೂ ಕಾಲಿಗೆ ಪೆಟ್ಟಾದರೂ ಜೀವಂತ ಹೊರತೆಗೆದರೆಂದು ಆಮೇಲೆ ತಿಳಿಯಿತು.

ಅಷ್ಟೊತ್ತಿಗೆ ಎರಡು ಗಂಟೆ ದಾಟಿತ್ತು. ಮಿರ್ಚಿಯ ಗಂಡ ಇಳಿದು ಬಂದು, ವಿಷಯ ತಿಳಿದು, "ನನ್ನ ಗಾಡಿ ಬ್ಯಾಟ್ರಿ ಐತಲ್ರಿ" ಎಂದ. ಕಾಕಾ ಲಾರಿಯ ಬ್ಯಾಟರಿಗೆ ತಮ್ಮ ಚೀಲದ ವೈರು ಸಿಕ್ಕಿಸಿ ನನ್ನ ಫೋನು ಎಬ್ಬಿಸಿದರು. ನಾನೇ ಕಾರ್ಯದರ್ಶಿಗೆ ಫೋನು ಮಾಡಿದೆ.

"ಮುಗೀತಲ್ಲಪ, ಜಾದೂದವಗ ಹೇಳಾಕ ಹೊಂಟೀನಿ" ಎಂದರು.

ಊರಿನ ದನಿಗಳನ್ನೆಲ್ಲ ಇಟ್ಟುಕೊಂಡಿದ್ದ ನನ್ನ ಗಂಟಲು ಆಗ ಖಾಲಿ. ಒಂದೂ ಹೊರಬರಲಿಲ್ಲ. ಕಾಕಾ ಫೋನು ಕಿತ್ತುಕೊಂಡರು.

"ನಮಸ್ಕಾರ್ರೀ ಸರ. ನಾನು ಬಸ್ಸಿನ ಕಂಡಕ್ಟರ್ ಮಾತಾಡ್ತಿರೋದು. ಹುಡುಗಂದು ತಪ್ಪಿಲ್ರಿ, ಪಿನ್ ಕಿತ್ತಾವ ನಾನು. ಮುಂದ ಲಾರಿ ಬಿದ್ದೈತಿ, ಹಿಂದ ಲಾರಿ ನಿಂತೈತಿ, ನಡುವ ನಾವು ಹೋಳಿಗಿ ಹೂರಣ ಆಗೀವಿ. ಲೇ ತಮ್ಮಾ, ಬಾಗಿಲ ಬಿಟ್ಟು ನಿಂದ್ರೋ. ಏನವ್ವಾ, ನಿಂದು ಸಣ್ಣ ಪಿನ್ನಾ, ದಪ್ಪ ಪಿನ್ನಾ? ಹಾಂ, ಹೇಳ್ರಿ ಸರ."

ಅದೇ ಹೊತ್ತಿಗೆ ಹಿಂದಿನ ಲಾರಿಯ ಕ್ಲೀನರು ಬೇಸರ ಕಳೆಯಲು ಹಾರ್ನು ಒತ್ತಿದ. ಫೋನಿನಾಚೆ ಕಾರ್ಯದರ್ಶಿ ನಕ್ಕಿದ್ದು ನನಗೂ ಕೇಳಿಸಿತು.

"ಭಾರಿ ಇದ್ದೀಯಲ್ಲೋ ನೀನು. ಕಂಡಕ್ಟರ್ ಸರಿ, ಆ ಲಾರಿ ಹಾರ್ನ್ ಬಾಯಾಗ ಹೆಂಗ ತೆಗದಿ?"

"ಸರ, ಇದು ಖರೇ ಲಾರಿರಿ."

"ಹೂಂ, ಖರೇ ಲಾರಿ. ಭಾನುವಾರ ಜಲ್ದಿ ಬಾ. ಇದನ್ನೇ ಮಾಡು."

ಕಾಕಾ ಫೋನು ನನ್ನ ಕೈಗಿಟ್ಟು, "ಏನೋ ತಪ್ಪು ತಿಳ್ಕೊಂಡಾರ. ಬರಾಕ ಹೇಳ್ಯಾರ, ಹೋಗು" ಎಂದರು. ನನ್ನ ಮೊದಲ ವೇದಿಕೆಯ ಪರೀಕ್ಷೆಯಲ್ಲಿ ನಾನು ಬಾಯಿಯನ್ನೇ ತೆರೆದಿರಲಿಲ್ಲ. ಈಗಲೂ ಯಾರಾದರೂ ಹುಟ್ಟು ಕಲಾವಿದ ಎಂದು ಹೊಗಳಿದರೆ ಈ ಹಾರ್ನು ನೆನಪಾಗುತ್ತದೆ.

ಭಾನುವಾರ ಹಂಪಿ ಬಜಾರಿನಲ್ಲಿ ಜನ ನಕ್ಕರು. ಅಪ್ಪನೂ ನಕ್ಕರು, ಅವರದೇ ರಾಗ ತೆಗೆಯುವವರೆಗೆ. ಸೋಮವಾರ ತೂಕದ ಕಟ್ಟೆಯ ಮಾತು ಮನೆಯಲ್ಲಿ ಬರಲಿಲ್ಲ. ಆ ಭಾನುವಾರ ಕಾಕಾ ಹಳೆಯ ಕಲ್ಲುಮಂಟಪದ ಕಂಬಕ್ಕೆ ಒರಗಿ ನೋಡುತ್ತಿದ್ದರು, ಅಂತೂ ಒಂದು ಸಲ ಅವರ ಓರೆಗೆ ಆಸರೆ ಸಿಕ್ಕಿತ್ತು. ಚೀಲದಿಂದ ವಿದೇಶಿ ಹೆಂಗಸೊಬ್ಬಳ ಕ್ಯಾಮೆರಾಕ್ಕೆ ವೈರು ಹೋಗಿತ್ತು.

"ಹೆಂಗಿತ್ತು ಕಾಕಾ?"

"ಎಲ್ಲಾ ಬರೋಬ್ಬರಿ. ಕಡೀಕ ತಪ್ಪಿದಿ. ದಪ್ಪ ಪಿನ್ನಾ ಅಂದಮ್ಯಾಲ ನಾನು ಸುಮ್ಮನಾಗ್ತೀನಿ. ನೀನು ಸುಮ್ಮನಾಗೋದೇ ಇಲ್ಲ."

"ಸುಮ್ಮನಾಗಿ ಏನ್ ಮಾಡ್ತೀರಿ?"

"ಮಂದಿ ಏನಂತಾರ, ಕೇಳ್ತೀನಿ."

ಮುಂದೆ ಕೋರ್ಟಿನ ಆದೇಶಕ್ಕೆ ಗಣಿಗಳು ನಿಂತವು. ರಸ್ತೆ ಬರಿದಾಯಿತು, ಬಸ್ಸು ಹೊತ್ತಿಗೆ ಸರಿಯಾಗಿ ಊರು ಮುಟ್ಟತೊಡಗಿತು, ಯಾರ ಫೋನೂ ದಾರಿಯಲ್ಲಿ ಸಾಯಲಿಲ್ಲ. ನಾನು ಊರೂರು ತಿರುಗಿ ದನಿ ಮಾರತೊಡಗಿದ ಮೇಲೆ, ಒಂದು ಸಲ ಅಂಗೈಯಗಲದ ಪವರ್ ಬ್ಯಾಂಕು ತಂದು ಅವರಿಗೆ ಕೊಟ್ಟೆ. ಕೈಯಲ್ಲಿಟ್ಟು ತೂಗಿ ನೋಡಿದರು. ಎಡಜೇಬಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ಬಂದರು. "ಚಲೋ ಐತಿ. ಭುಜಕ್ಕ ಸುದ್ದಿನೇ ಮುಟ್ಟೋದಿಲ್ಲ" ಎಂದರು. ಆಗಲೇ ಅವರ ದನಿ ಒಡೆದಿತ್ತು. ಧೂಳಿನದೆಂದುಕೊಂಡರು. ಗಂಟಲಿನ ರೋಗವೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕೊನೆಯ ತಿಂಗಳುಗಳಲ್ಲಿ ದನಿ ಪೂರಾ ಹೋಯಿತು.

ಅವರು ತೀರಿಕೊಂಡ ಬೆಳಿಗ್ಗೆ ನಾನು ಚಿತ್ತವಾಡ್ಗಿಗೆ ಹೋದೆ. ಮಲಗಿಸಿದ್ದರೂ ಎಡಭುಜ ಇಳಿದೇ ಇತ್ತು. ಕಾಕಾರ ಹೆಂಡತಿ, ಕಾಕಿ, ನನ್ನನ್ನು ನೋಡಿ ಹತ್ತಿರ ಕರೆದರು.

"ಅವರ ದನಿ ಕೇಳಿ ಭಾಳ ದಿನ ಆತಪ. ನಿನ್ನ ಗಂಟಲಾಗ ಐತಲ್ಲ, ಒಮ್ಮೆ ಅನ್ನು."

ಜನ ನನ್ನನ್ನೇ ನೋಡುತ್ತಿದ್ದರು. ನಾನು ಸ್ವಲ್ಪ ಎಡಕ್ಕೆ ವಾಲಿದೆ. "ಸಣ್ಣ ಪಿನ್ನಾ, ದಪ್ಪ ಪಿನ್ನಾ?" ಎಂದೆ.

ಈ ಸಲ ಸುಮ್ಮನಾದೆ. ಕಾಕಿ ಏನೆನ್ನುತ್ತಾರೋ ಎಂದು ಕೇಳುತ್ತಾ ಕೂತೆ.